ಗುಂಡುಕಲ್ಲು ಮಲಗಿದ ತೊಟ್ಟಿಲು

“ಮತ್ತೆ ಬಂದೆಯಾ?” ಎಂದರು ಅವ್ವ, ಕಣ್ಣು ಮುಚ್ಚಿಕೊಂಡೇ. “ಮೌನಕ್ಕೆ ಕುಳಿತು ಇನ್ನೂ ಸೆರಗು ಸರಿಮಾಡಿಕೊಂಡಿಲ್ಲ ನಾನು. ನಿನ್ನೆ ಎಬ್ಬಿಸಿದೆ. ಮೊನ್ನೆಯೂ ಎಬ್ಬಿಸಿದೆ. ಈ ಆಶ್ರಮದಲ್ಲಿ ಮೌನ ಒಂದನ್ನು ಬಿಟ್ಟು ಉಳಿದೆಲ್ಲ ಸಿಗುತ್ತದೆ.”

ಬಾಗಿಲಲ್ಲಿ ನಿಂತವಳು ಶಿಷ್ಯೆ ನೀಲಾಂಬಿಕೆ. ಮನಸ್ಸಿನ ಭಾರ ಹೊತ್ತು ಆಶ್ರಮಕ್ಕೆ ಬರುವವರ ಜೊತೆ ಕುಳಿತು ಮಾತನಾಡುವ ಕೆಲಸವನ್ನು ಅವ್ವ ಈಚೆಗೆ ಅವಳಿಗೆ ವಹಿಸಿದ್ದರು.

“ತಪ್ಪಾಯಿತು ಅವ್ವ. ನಿಮ್ಮ ಮೌನ ಕೆಡಿಸಿದೆ.”

“ಕೆಟ್ಟರೆ ಕೆಟ್ಟಿತು. ನಾಳೆಯೂ ಕೂರುತ್ತೇನೆ. ಬಂದದ್ದು ಏಕೆ, ಅದನ್ನು ಹೇಳು.”

ನೀಲಾಂಬಿಕೆ ಕೇಳಿದಳು. “ಮಾಡಿದ್ದೆಲ್ಲ ಒಂದು ಎಳೆಯೂ ತಪ್ಪಿಲ್ಲದೆ ಇರಬೇಕು, ಇಲ್ಲದಿದ್ದರೆ ಬೇಡವೇ ಬೇಡ ಎನ್ನುವವರನ್ನು ಆ ಸಂಕಟದಿಂದ ಬಿಡಿಸುವುದು ಹೇಗೆ?”

“ಯಾರಿಗೆ ಬಂದಿದೆ ಸಂಕಟ?”

“ಕೆಳಗಿನ ಓಣಿಯ ರುದ್ರಾಣಿಗೆ. ಜಗಲಿಯ ಮೇಲೆ ಕುಳಿತಿದ್ದಾಳೆ.”

ರುದ್ರಾಣಿಯ ಕತೆಯನ್ನು ಅವಳು ಹೇಳಿದಳು. ಮೊದಲು ರಂಗೋಲಿಯಿಂದ ಶುರುವಾಯಿತಂತೆ. ಬೆಳಿಗ್ಗೆ ಬಾಗಿಲ ಮುಂದೆ ರಂಗೋಲಿ ಹಾಕುವಳು. ಒಂದು ಗೆರೆ ಸೊಟ್ಟ ಎಂದು ಅಳಿಸುವಳು. ಮತ್ತೆ ಹಾಕುವಳು, ಮತ್ತೆ ಅಳಿಸುವಳು. ಬಿಸಿಲು ನೆತ್ತಿಗೆ ಬಂದರೂ ಒಲೆ ಹೊತ್ತುತ್ತಿರಲಿಲ್ಲ. ಆಮೇಲೆ ರೊಟ್ಟಿಗೆ ಬಂತು. ಅಂಚು ಒಡೆದ ರೊಟ್ಟಿಯನ್ನು ಹೆಂಚಿಗೆ ಹಾಕದೆ ಹಿಟ್ಟನ್ನು ಮತ್ತೆ ನಾದುವಳು. ನಾದಿ ನಾದಿ ಹಿಟ್ಟಿನ ಜಿಗುಟು ಹೋಗುವುದು, ಅಂಚು ಇನ್ನಷ್ಟು ಒಡೆಯುವುದು. ಈಗ ಎಲ್ಲವನ್ನೂ ನಿಲ್ಲಿಸಿದ್ದಾಳೆ. ಬಾಗಿಲ ಮುಂದೆ ರಂಗೋಲಿ ಇಲ್ಲ, ಒಲೆಯಲ್ಲಿ ಬೆಂಕಿ ಇಲ್ಲ. ಸರಿಯಾಗಿ ಬಾರದ ಮೇಲೆ ಮಾಡುವುದೇಕೆ ಎಂದು ಗೋಡೆಗೆ ಒರಗಿ ಕೂರುತ್ತಾಳೆ. ಮನೆಯಲ್ಲಿ ಸಣ್ಣ ಮಕ್ಕಳಿವೆ. ನೆರೆಯವರು ಕೊಟ್ಟರೆ ಊಟ.

“ನೀನು ಏನು ಹೇಳಿದೆ?” ಎಂದರು ಅವ್ವ.

“ನಿನ್ನ ರಂಗೋಲಿ ಚೆನ್ನಾಗಿಯೇ ಇತ್ತಲ್ಲ ಎಂದೆ. ನಿಮಗೆ ಕಾಣುವುದಿಲ್ಲ ಬಿಡಿ ಎಂದಳು. ತಪ್ಪಿದ್ದರೂ ಪರವಾಗಿಲ್ಲ ಎಂದೆ. ಹಾಗಾದರೆ ತಪ್ಪಿತ್ತು ಅನ್ನಿ ಎಂದು ಅತ್ತಳು. ಇದನ್ನೆಲ್ಲ ಮನಸ್ಸಿನಿಂದ ಬಿಟ್ಟುಬಿಡು ಎಂದೆ. ಈಗ, ನನಗೆ ಸರಿಯಾಗಿ ಬಿಡಲೂ ಬರುವುದಿಲ್ಲ ಎಂದು ಅದಕ್ಕೂ ಅಳುತ್ತಿದ್ದಾಳೆ.”

ಅವ್ವ ಕಣ್ಣು ತೆರೆಯದೆ ನಕ್ಕರು. “ಆಮೇಲೆ?”

“ಆಮೇಲೆ ನನಗೆ ಹೆದರಿಕೆಯಾಯಿತು. ಅರ್ಧಂಬರ್ಧ ಮಾತು ಹೇಳಿ ಅವಳನ್ನು ಇನ್ನಷ್ಟು ಕೆಡಿಸಲಾರೆ. ಸರಿಯಾದ ಮಾತು ಸಿಕ್ಕಿದ ಮೇಲೆ ಕರೆಯೋಣ ಎಂದು ಯೋಚಿಸುತ್ತಿದ್ದೇನೆ. ದಿನವೂ ಬರುತ್ತಾಳೆ. ನಾಳೆ ಬಾ ಎಂದು ಕಳಿಸುತ್ತೇನೆ.”

“ಹೂಂ” ಎಂದರು ಅವ್ವ. “ಕೂತುಕೋ. ಒಬ್ಬ ಬಡಗಿಯ ಕತೆ ಹೇಳುತ್ತೇನೆ” ಎಂದು ಹೇಳತೊಡಗಿದರು.

ಒಂದು ಊರಿನಲ್ಲಿ ಒಬ್ಬ ಬಡಗಿಯಿದ್ದ. ತೊಟ್ಟಿಲು ಮಾಡುವುದು ಅವನ ಕಸುಬು. ಎರಡು ಕಂಬ, ಮೇಲೊಂದು ಅಡ್ಡಮರ, ಅದರ ಕೊಂಡಿಗಳಿಂದ ತೂಗುವ ತೊಟ್ಟಿಲು. ಕೂಸಿಗೆ ಹೆಸರಿಡುವ ದಿನ ಯಾರಿಗೂ ಕಾಯುವುದಿಲ್ಲವಾದ್ದರಿಂದ ಅವನ ತೊಟ್ಟಿಲೂ ಯಾರನ್ನೂ ಕಾಯಿಸುತ್ತಿರಲಿಲ್ಲ. ಕೀಲು ಸಡಿಲವಿದ್ದರೆ ಒಂದು ಬೆಣೆ ಹೊಡೆಯುತ್ತಿದ್ದ. ಮರದಲ್ಲಿ ಬಿರುಕು ಕಂಡರೆ ಅರಗು ತುಂಬಿ, ಅದರ ಮೇಲೆ ಒಂದು ಗಿಳಿಯ ಚಿತ್ರ ಬರೆಯುತ್ತಿದ್ದ. ಬಿರುಕು ಎಷ್ಟೋ ಗಿಳಿ ಅಷ್ಟು. ಹೆಚ್ಚು ಗಿಳಿಯಿರುವ ತೊಟ್ಟಿಲೇ ಬೇಕು ಎಂದು ಹೆಂಗಸರು ಕೇಳಿ ಪಡೆಯುತ್ತಿದ್ದರು. ಅವನು ಏನೂ ಹೇಳದೆ ಕೊಡುತ್ತಿದ್ದ.

ಆ ಸೀಮೆಯಲ್ಲಿ ಬರಿದಾದ ತೊಟ್ಟಿಲನ್ನು ಯಾರೂ ತೂಗುವುದಿಲ್ಲ. ತೂಗಿದರೆ ಕೂಸಿಗೆ ಒಳ್ಳೆಯದಲ್ಲ ಎನ್ನುತ್ತಾರೆ. ಹೆಸರಿಡುವ ದಿನವೂ, ರುಬ್ಬುವ ಒರಳಿನ ಗುಂಡುಕಲ್ಲನ್ನು ತೊಳೆದು, ಅದಕ್ಕೆ ಕೂಸಿನ ಕುಲಾವಿ ತೊಡಿಸಿ, ಮೊದಲು ಅದನ್ನು ಮಲಗಿಸಿ ತೂಗುತ್ತಾರೆ. ಕೂಸು ಕಲ್ಲಿನ ಹಾಗೆ ಗಟ್ಟಿಯಾಗಿ ಬಾಳಲಿ ಎಂದು. ಆಮೇಲೆ ಕಲ್ಲನ್ನು ತೆಗೆದು ಕೂಸನ್ನು ಹಾಕುತ್ತಾರೆ. ಬಡಗಿಯೂ ಹೊಸ ತೊಟ್ಟಿಲನ್ನು ಹಾಗೆಯೇ ಪರೀಕ್ಷೆ ಮಾಡುತ್ತಿದ್ದ. ಗುಂಡುಕಲ್ಲು ಇಟ್ಟು ಸ್ವಲ್ಪ ತೂಗಿ ನೋಡುವುದು, ಕಲ್ಲನ್ನು ಒಳಗೆ ಕೊಡುವುದು, ತೊಟ್ಟಿಲನ್ನು ಹೊರಗೆ ಕೊಡುವುದು.

ಬಹಳ ವರ್ಷ ಅವನಿಗೆ ಮಕ್ಕಳಿರಲಿಲ್ಲ. ಊರಿಗೆಲ್ಲ ತೊಟ್ಟಿಲು ಮಾಡಿದವನ ಮನೆಯಲ್ಲಿ ತೊಟ್ಟಿಲಿಲ್ಲ ಎಂದು ಜನ ಆಡಿಕೊಂಡದ್ದು ಅವನ ಕಿವಿಗೂ ಬಿದ್ದಿತ್ತು. ಕೊನೆಗೆ ಹೆಂಡತಿ ಬಸುರಾದಳು. ಆ ದಿನವೇ ಅವನು ಮನಸ್ಸಿನಲ್ಲಿ ಗಟ್ಟಿಮಾಡಿಕೊಂಡ. ಈ ತೊಟ್ಟಿಲಲ್ಲಿ ಬೆಣೆ ಇರಬಾರದು. ಗಿಳಿ ಇರಬಾರದು. ತೂಗಿದರೆ ಕಿರ್ ಎನ್ನಬಾರದು. ಆ ಕಡೆಗೂ ಈ ಕಡೆಗೂ ವಾಲಬಾರದು.

ಹುಡುಕಿ ಹುಡುಕಿ ಮರ ತಂದ. ತೊಟ್ಟಿಲು ಮಾಡಿದ. ಅಡುಗೆಮನೆಯಿಂದ ಗುಂಡುಕಲ್ಲು ತಂದು ಮಲಗಿಸಿ ತೂಗಿದ. ಕಿರ್ ಎಂದಿತು. ಕೊಂಡಿ ಬಿಚ್ಚಿ ಉಜ್ಜಿದ. ತೂಗಿದ. ಸದ್ದು ಹೋಯಿತು, ಆದರೆ ಎಡಕ್ಕೆ ಒಂದು ಬೆರಳಷ್ಟು ವಾಲಿತು. ಕಂಬ ಬಿಚ್ಚಿ ಕೆತ್ತಿದ. ವಾಲುವುದು ನಿಂತಿತು, ಸದ್ದು ಮರಳಿ ಬಂತು. ಹೀಗೆ ತಿಂಗಳುಗಳು ಕಳೆದವು.

ಹೆಂಡತಿ ಹೆಣ್ಣು ಹೆತ್ತಳು. ಹೆಸರಿಡುವ ದಿನ ಬಂತು. ಹೆಂಗಸರೆಲ್ಲ ಬಂದು ಕುಳಿತರು. ತೊಟ್ಟಿಲು ಇನ್ನೂ ಬಿಚ್ಚಿದ ಸ್ಥಿತಿಯಲ್ಲಿತ್ತು.

“ಇನ್ನೊಂದು ಸ್ವಲ್ಪ ದಿನ ಕೊಡಿ” ಎಂದ ಬಡಗಿ.

“ಇನ್ನೊಂದು ಸ್ವಲ್ಪ ದಿನವಾದರೆ ನಿಮ್ಮ ಮಗಳೇ ತನಗೊಂದು ಹೆಸರಿಟ್ಟುಕೊಂಡು ಬಂದು ಹೇಳುತ್ತಾಳೆ” ಎಂದಳು ಹೆಂಡತಿ.

ನೆರೆಮನೆಯವಳು ಅಟ್ಟದಿಂದ ತನ್ನ ಹಳೆಯ ತೊಟ್ಟಿಲು ಇಳಿಸಿ ತಂದಳು. ಬಡಗಿಯೇ ಹಿಂದೆ ಮಾಡಿದ್ದ ತೊಟ್ಟಿಲು ಅದು. ತುಂಬ ಗಿಳಿಗಳಿದ್ದವು. ಕೂಸನ್ನು ಮಲಗಿಸಿ ತೂಗಿದರು. ಪ್ರತಿ ತೂಗಿಗೂ ಅದು ಕಿರ್ ಎಂದಿತು. ಹೆಂಗಸರು ಆ ಸದ್ದಿಗೇ ತಾಳ ಹೊಂದಿಸಿಕೊಂಡು ಜೋಗುಳ ಹಾಡಿದರು. ಕೂಸು ಹಾಡು ಮುಗಿಯುವ ಮೊದಲೇ ಮಲಗಿತು. ಹಿತ್ತಲಲ್ಲಿದ್ದ ಬಡಗಿ ಮಾತ್ರ ಎರಡೂ ಕಿವಿ ಮುಚ್ಚಿಕೊಂಡ. ತನ್ನ ಕೈಯ ತಪ್ಪು ತನ್ನ ಮಗಳ ತಲೆಯ ಮೇಲೆಯೇ ಕೂಗುತ್ತಿದೆ ಎಂದು ಅವನಿಗೆ ಅನಿಸಿತು.

ಸ್ವಲ್ಪ ದಿನಕ್ಕೆ ನೆರೆಮನೆಯ ಮಗಳು ಹೆರಿಗೆಗೆ ಬಂದಳು. ತೊಟ್ಟಿಲು ಅವರ ಮನೆಗೆ ಮರಳಿತು. ಬಡಗಿಯ ಹೆಂಡತಿ ತನ್ನದೊಂದು ಹಳೆಯ ಸೀರೆಯನ್ನು ತೊಲೆಗೆ ಕಟ್ಟಿ ಜೋಲಿ ಮಾಡಿ ಕೂಸನ್ನು ಅದರಲ್ಲಿ ಮಲಗಿಸಿದಳು. ಗುಂಡುಕಲ್ಲು ಹೊಸ ತೊಟ್ಟಿಲಲ್ಲೇ ಇತ್ತು. ಗಾಳಿಗೆ ಧೂಳು ಕೂರಬಾರದೆಂದು ಬಡಗಿ ಅದಕ್ಕೊಂದು ಬಟ್ಟೆ ಹೊದಿಸಿದ್ದ. ಚಟ್ನಿ ರುಬ್ಬಬೇಕಾದರೆ ಹೆಂಡತಿ ನೆರೆಮನೆಗೆ ಹೋಗಬೇಕಾಯಿತು.

“ನಿಮ್ಮ ಗುಂಡುಕಲ್ಲು ಎಲ್ಲಿ?” ಎಂದು ನೆರೆಯವಳು ಕೇಳಿದಳು.

“ಮಲಗಿದೆ. ನಮ್ಮ ಮನೆಯಲ್ಲಿ ಕಲ್ಲು ತೊಟ್ಟಿಲಲ್ಲಿ, ಕೂಸು ಸೀರೆಯಲ್ಲಿ. ಹಾಲು ಕುಡಿಸುವುದೊಂದು ಬಾಕಿ ಆ ಕಲ್ಲಿಗೆ.”

ನೆರೆಯವಳಿಗೆ ಕನಿಕರ ಬಂತು. ಬಡಗಿಯ ಬಳಿ ಹೋಗಿ, “ಅಣ್ಣಾ, ಇದಕ್ಕೇನಾಗಿದೆ? ಚೆನ್ನಾಗಿಯೇ ಇದೆಯಲ್ಲ?” ಎಂದಳು.

“ನಿನಗೆ ಕಿವಿ ಇಲ್ಲ ತಂಗಿ” ಎಂದ ಬಡಗಿ.

ಹೆಂಡತಿ, ಅವನಿಗೆ ಕೆಲಸ ಕಲಿಸಿದ ಮುದುಕ ಬಡಗಿಯನ್ನು ಕರೆಸಿದಳು. ಮುದುಕ ತೊಟ್ಟಿಲಿಗೆ ಕಿವಿಯಿಟ್ಟು ತೂಗಿ ನೋಡಿದ. “ತಪ್ಪಿದೆ. ಇರಲಿ ಬಿಡೋ, ಯಾವ ಮರದಲ್ಲಿ ಇಲ್ಲ?” ಎಂದ. ಬಡಗಿಗೆ ಕೇಳಿಸಿದ್ದು ಮೊದಲ ಮಾತು ಮಾತ್ರ. ಮುದುಕ ಓಣಿಯ ತಿರುವು ದಾಟುವಷ್ಟರಲ್ಲಿ ತೊಟ್ಟಿಲನ್ನು ಮತ್ತೆ ಬಿಚ್ಚಿ ಹಾಕಿದ.

ಹೆಂಡತಿ ಬೈದಳು. ಹೊರಗಿನವರ ಮಕ್ಕಳಿಗೆಲ್ಲ ತೊಟ್ಟಿಲು, ನಿಮ್ಮ ಮಗಳಿಗೆ ಹರಕು ಸೀರೆ, ಅವಳು ಮಾಡಿದ ಪಾಪವೇನು ಎಂದು ಓಣಿಗೆ ಕೇಳುವಂತೆ ಬೈದಳು. ಬಡಗಿ ತಲೆ ತಗ್ಗಿಸಿ ಕೇಳಿಸಿಕೊಂಡ. ಆಮೇಲೆ ಮೊದಲಿಗಿಂತ ಹೆಚ್ಚು ಹೊತ್ತು ಕೆತ್ತಿದ.

ಇಲ್ಲಿ ನೀಲಾಂಬಿಕೆ ಸುಮ್ಮನಿರಲಾರದೆ, “ಬೈದದ್ದು ತಪ್ಪೇ ಅವ್ವ? ಪಾಪ, ಅವಳಿಗೂ ಸಾಕಾಗಿತ್ತಲ್ಲ” ಎಂದಳು.

“ಮೌನ ಕೆಡಿಸಿದ್ದು ಸಾಲದೆಂದು ಕತೆಯನ್ನೂ ಕೆಡಿಸು” ಎಂದರು ಅವ್ವ. “ತಪ್ಪು ಎಂದು ಯಾರು ಹೇಳಿದರು? ಬೈದಾಗ ಅವಳ ಹೊಟ್ಟೆ ತಣ್ಣಗಾಯಿತು. ಅವನ ಉಳಿ ಇನ್ನಷ್ಟು ಹರಿತವಾಯಿತು. ಅಷ್ಟೇ. ಕೇಳು.”

ಕೂಸು ಬೆಳೆಯುತ್ತಿತ್ತು. ಸೀರೆ ಸವೆಯುತ್ತಿತ್ತು. ತೊಲೆಗೆ ಕಟ್ಟಿದ ಕಡೆ ನೂಲು ಬಿಡುತ್ತಿದೆ ಎಂದು ಹೆಂಡತಿ ಹೇಳಿದಳು. ಇನ್ನೇನು ಮುಗಿಯಿತು ಎಂದ ಬಡಗಿ. ಅವನು ಸುಳ್ಳು ಹೇಳಲಿಲ್ಲ. ಆ ವಾರವೇ ತೊಟ್ಟಿಲು ಮುಗಿಯಿತು. ಗುಂಡುಕಲ್ಲನ್ನು ಮಲಗಿಸಿ ತೂಗಿದರೆ ಸದ್ದಿಲ್ಲ. ಎಡಕ್ಕಿಲ್ಲ, ಬಲಕ್ಕಿಲ್ಲ. ಒಮ್ಮೆ ತೂಗಿ ಕೈ ಬಿಟ್ಟರೆ ತೊಟ್ಟಿಲು ತಾನೇ ಹೋಗಿ ತಾನೇ ಬರುತ್ತಿತ್ತು. ಬಡಗಿ ಮುಟ್ಟಿ ಮುಟ್ಟಿ ನೋಡಿದ. ಒಂದು ಬೆಣೆಯಿಲ್ಲ, ಒಂದು ಗಿಳಿಯಿಲ್ಲ. ಆದರೂ ನಾಳೆ ಒಂದು ದಿನ ತೂಗಿ ನೋಡೋಣ ಎಂದುಕೊಂಡ. ಮರುದಿನ ತೂಗಿದ. ಸರಿಯಿತ್ತು. ಇನ್ನೊಂದು ದಿನ ನೋಡೋಣ ಎಂದುಕೊಂಡ.

ಆ ಇನ್ನೊಂದು ದಿನ ಸೀರೆ ಹರಿಯಿತು.

ಕೆಳಗೆ ಕೌದಿ ಹಾಸಿತ್ತು. ಕೂಸಿಗೆ ಪೆಟ್ಟಾಗಲಿಲ್ಲ. ಹೆದರಿ ಅತ್ತಿತು, ಅಷ್ಟೇ. ಹೆಂಡತಿ ಅಡುಗೆಮನೆಯಿಂದ ಓಡಿ ಬಂದು ಎತ್ತಿಕೊಂಡಳು. ಕೂಸಿನ ಕೈಕಾಲು ಮುಟ್ಟಿ ನೋಡಿದಳು. ಹರಿದ ಸೀರೆಯ ತುಂಡು ತೊಲೆಯಲ್ಲಿ ಇನ್ನೂ ತೂಗುತ್ತಿತ್ತು. ಅವಳು ಆ ದಿನ ಬೈಯಲಿಲ್ಲ. ಕೂಸನ್ನು ಹೆಗಲಿಗೆ ಹಾಕಿಕೊಂಡು ಗಂಡ ಕೆಲಸ ಮಾಡುವ ಪಡಸಾಲೆಗೆ ನಡೆದಳು.

ಅಲ್ಲಿ ಗುಂಡುಕಲ್ಲು ಬಟ್ಟೆ ಹೊದ್ದು ಮಲಗಿತ್ತು. ಬಡಗಿ ತೂಗುತ್ತಿದ್ದ. ಸದ್ದೇ ಇರಲಿಲ್ಲ.

ಅವಳು ಒಂದು ಕೈಯಲ್ಲಿ ಕೂಸನ್ನು ಹಿಡಿದು, ಇನ್ನೊಂದು ಕೈಯಿಂದ ಕಲ್ಲನ್ನು ಎತ್ತಿ ಗಂಡನ ತೋಳಿಗೆ ಹಾಕಿದಳು. “ಹಿಡಿಯಿರಿ, ನಿಮ್ಮ ಮಗ” ಎಂದಳು. ಕೂಸನ್ನು ತೊಟ್ಟಿಲಲ್ಲಿ ಮಲಗಿಸಿದಳು.

ಕೂಸು ಕಲ್ಲಲ್ಲ. ಒಂದು ಕಾಲು ಝಾಡಿಸಿತು. ತೊಟ್ಟಿಲು ಎಡಕ್ಕೆ ವಾಲಿತು. ಇನ್ನೊಂದು ಕಾಲು ಝಾಡಿಸಿ ಮಗ್ಗುಲಾಗಿ ಅಳತೊಡಗಿತು. ತೊಟ್ಟಿಲು ಬಲಕ್ಕೆ ವಾಲಿ ಕಿರ್ ಎಂದಿತು. ತೊಟ್ಟಿಲು ಮುಗಿದ ಮೇಲೆ, ಕಲ್ಲು ಮಲಗಿದ್ದಾಗ ಒಮ್ಮೆಯೂ ಬಾರದ ಸದ್ದು ಅದು.

“ಕೇಳಿಸಿತೇ?” ಎಂದು ಬಡಗಿ ಕೂಗಿದ. “ತೆಗೆ, ತೆಗೆ ಅವಳನ್ನು. ಇನ್ನೂ ಸರಿಯಾಗಿಲ್ಲ.”

“ತೂಗಿ” ಎಂದಳು ಹೆಂಡತಿ.

“ಕೈಯಲ್ಲಿ ಕಲ್ಲಿದೆ ಕಣೇ.”

“ಕಲ್ಲು ಇಡಿ.”

ಕೂಸು ಜೋರಾಗಿ ಅತ್ತಿತು. ಬಡಗಿ ಹೆಂಡತಿಯ ಮುಖ ನೋಡಿದ. ಅವಳು ಕೈ ಕಟ್ಟಿ ನಿಂತಿದ್ದಳು. ಅವನು ಕಲ್ಲನ್ನು ನೆಲಕ್ಕಿಟ್ಟು ತೊಟ್ಟಿಲಿನ ಹಗ್ಗ ಹಿಡಿದ. ಅವಳು ಕಲ್ಲನ್ನು ಎತ್ತಿಕೊಂಡು ಒಳಗೆ ಹೋದಳು. ಸ್ವಲ್ಪ ಹೊತ್ತಿಗೆ ಅಡುಗೆಮನೆಯಿಂದ ಒರಳು ತಿರುಗುವ ಸದ್ದು ಬಂತು. ಆ ಮನೆಯಲ್ಲಿ ಆ ಸದ್ದು ಕೇಳಿ ಬಹಳ ಕಾಲವಾಗಿತ್ತು.

ಬಡಗಿ ತೂಗಿದ. ಪ್ರತಿ ತೂಗಿಗೂ ಕಿರ್ ಎಂದಿತು. ಯಾವ ಕೊಂಡಿ ಎಂದು ತಿಳಿಯಲು ಕಿವಿ ಹತ್ತಿರ ತಂದ. ಕೂಸು ಅಳು ನಿಲ್ಲಿಸಿ ಅವನ ಮುಖವನ್ನೇ ನೋಡಿತು. ಅವನ ಕಿವಿಗೆ ಕೈ ಚಾಚಿತು. ತಪ್ಪು ಎಲ್ಲಿದೆ ಎಂದು ಹುಡುಕಲು ಅವನು ಹಗ್ಗ ಬಿಟ್ಟ. ತೊಟ್ಟಿಲು ನಿಂತಿತು. ಕೂಸು ಅತ್ತಿತು. ತೂಗಿದ. ಕಿರ್ ಎಂದಿತು. ಕೂಸು ಸುಮ್ಮನಾಯಿತು.

ತಪ್ಪನ್ನು ಹುಡುಕಬೇಕಾದರೆ ತೂಗುವುದನ್ನು ನಿಲ್ಲಿಸಬೇಕು. ನಿಲ್ಲಿಸಿದರೆ ಕೂಸು ಅಳುತ್ತದೆ. ಬಡಗಿಗೆ ಇದರಿಂದ ಪಾರಾಗುವ ದಾರಿ ಕಾಣಲಿಲ್ಲ. ತೂಗುತ್ತಲೇ ಇದ್ದ. ಕೂಸಿನ ರೆಪ್ಪೆಗಳು ಮೆಲ್ಲಗೆ ಇಳಿದವು. ಮಗಳ ಎಡ ಹುಬ್ಬಿನಲ್ಲೊಂದು ಸಣ್ಣ ಮಚ್ಚೆ ಇರುವುದನ್ನು ಅವನು ಆಗ ಮೊದಲ ಸಲ ಕಂಡ.

ಹೊತ್ತು ಇಳಿದ ಮೇಲೆ ಹೆಂಡತಿ ಕೈ ಒರೆಸಿಕೊಳ್ಳುತ್ತ ಬಂದಳು. ತೊಟ್ಟಿಲು ಇನ್ನೂ ಕಿರುಗುಟ್ಟುತ್ತಿತ್ತು.

“ಸದ್ದು ಎಲ್ಲಿಂದ ಬರುತ್ತಿದೆ, ಸಿಕ್ಕಿತೇ?” ಎಂದಳು.

“ಮೆಲ್ಲಗೆ ಮಾತಾಡೇ” ಎಂದ ಬಡಗಿ. “ಮಲಗಿದ್ದಾಳೆ.”

ಹಲ್ಲು ಬಂದಾಗ ಕೂಸು ಆ ತೊಟ್ಟಿಲಿನ ಅಂಚನ್ನು ಕಚ್ಚಿ ಗಾಯ ಮಾಡಿತು. ಬಡಗಿ ಅದಕ್ಕೆ ಅರಗು ತುಂಬಿ, ಮೇಲೊಂದು ಗಿಳಿ ಬರೆದ.

ಅವ್ವ ಕತೆ ನಿಲ್ಲಿಸಿದರು.

“ತಪ್ಪಿಲ್ಲ ಎಂದು ಹೆಂಡತಿ ಹೇಳಲಿಲ್ಲ” ಎಂದಳು ನೀಲಾಂಬಿಕೆ.

“ಇಲ್ಲ.”

“ತಪ್ಪಿದ್ದರೆ ಇರಲಿ ಎಂದೂ ಹೇಳಲಿಲ್ಲ.”

“ಇಲ್ಲ.”

“ತಪ್ಪಿನ ಮಾತನ್ನೇ ಎತ್ತಲಿಲ್ಲ. ಕಲ್ಲನ್ನು ತೆಗೆದು ಕೂಸನ್ನು ಹಾಕಿದಳು.” ನೀಲಾಂಬಿಕೆಯ ಮುಖ ಬೆಳಗಿತು. “ತಿಳಿಯಿತು ಅವ್ವ. ರುದ್ರಾಣಿ ರಂಗೋಲಿಯನ್ನು ನೋಡುತ್ತಿದ್ದಾಳೆ, ಅದನ್ನು ದಾಟಿ ಒಳಗೆ ಬರುವವರನ್ನು ನೋಡುತ್ತಿಲ್ಲ. ರೊಟ್ಟಿಯ ಅಂಚನ್ನು ನೋಡುತ್ತಿದ್ದಾಳೆ, ಹಸಿದ ಮಕ್ಕಳನ್ನು ನೋಡುತ್ತಿಲ್ಲ. ಅವಳ ತೊಟ್ಟಿಲಲ್ಲೂ ಕಲ್ಲಿದೆ. ಅದನ್ನು ಎತ್ತುವುದು ಹೇಗೆಂದು ನಾನು ಕುಳಿತು ಸರಿಯಾಗಿ ಯೋಚಿಸುತ್ತೇನೆ. ಎಲ್ಲಿಂದ ಶುರುಮಾಡಬೇಕು, ಯಾವ ಮಾತು ಮೊದಲು, ಯಾವುದು ಆಮೇಲೆ, ಎಲ್ಲವನ್ನೂ ಹೊಂದಿಸಿಕೊಂಡು, ನಾಳೆ ಅವಳನ್ನು ಕರೆದು—”

ಹೊರಗೆ ಜಗಲಿಯ ಮೇಲಿಂದ ಒಂದು ಮಗು ಅಳುವುದು ಕೇಳಿಸಿತು. ಅದನ್ನು ಸಮಾಧಾನ ಮಾಡುವ ರುದ್ರಾಣಿಯ ದನಿಯೂ ಕೇಳಿಸಿತು. ಆ ದನಿಯಲ್ಲಿ ಬಲವಿರಲಿಲ್ಲ.

ಅವ್ವ ಆಗ ಕಣ್ಣು ತೆರೆದರು. ಅವರು ಕೇಳಿದ್ದು ಒಂದೇ ಪ್ರಶ್ನೆ.

“ರುದ್ರಾಣಿ ಜಗಲಿಯ ಮೇಲೆ ಕುಳಿತಿದ್ದಾಳೆ ನೀಲಾ; ಇಷ್ಟು ದಿನದಿಂದ ನಿನ್ನ ತೊಟ್ಟಿಲಲ್ಲಿ ನೀನು ಮಲಗಿಸಿ ತೂಗುತ್ತಿರುವುದು ಯಾರನ್ನು?”